ಸೈಕಲ್ ಪ್ರಶ್ನೋತ್ತರ: ಹೊಸ ಮಾಡೆಲ್‌ನಲ್ಲಿ ನಿಜಕ್ಕೂ ಬದಲಾಗಿದ್ದೇನು?

ಮಳೆ ಮುಗಿಯುತ್ತಾ ಬಂತು. ಚಿಕ್ಕಮಗಳೂರಿನ ನನ್ನ ಅಂಗಡಿಗೆ ಈಗ ಎರಡು ಬಗೆಯ ಜನ ಬರುತ್ತಾರೆ. ನಾಲ್ಕು ತಿಂಗಳು ಕೆಸರು ತಿಂದ ಸೈಕಲ್ ತಂದು ಸರ್ವಿಸ್‌ಗೆ ಬಿಡುವವರು ಒಂದು ಕಡೆ. ಫೋನಿನಲ್ಲಿ ಹೊಸ ಮಾಡೆಲ್ ಫೋಟೊ ತೋರಿಸಿ ‘ಇದನ್ನು ತಗೊಳ್ಳಲಾ?’ ಅಂತ ಕೇಳುವವರು ಇನ್ನೊಂದು ಕಡೆ. ಈ ತಿಂಗಳ ಪತ್ರಗಳೂ ಹಾಗೇ ಇವೆ. ಮೊದಲ ಪತ್ರಕ್ಕೆ ಸ್ವಲ್ಪ ಉದ್ದವಾಗಿ ಉತ್ತರಿಸಿದ್ದೇನೆ. ಉಳಿದವರ ಪ್ರಶ್ನೆಗಳಿಗೂ ಅದರಲ್ಲಿ ಅರ್ಧ ಉತ್ತರ ಇದೆ.

ಪ್ರಶ್ನೆ: ನನ್ನ ಹತ್ತಿರ 2016ರಲ್ಲಿ ಕೊಂಡ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಮೌಂಟನ್ ಬೈಕ್) ಇದೆ. 27.5 ಇಂಚಿನ ಚಕ್ರ, ಮುಂದೆ 100 ಮಿ.ಮೀ. ಕುಗ್ಗುವ ಫೋರ್ಕ್. ಅಂಗಡಿಯವರು ಹೊಸ ಮಾಡೆಲ್ ತೋರಿಸಿ ‘ಈಗ ಜಾಮೆಟ್ರಿಯೇ ಬೇರೆ, ನಿಮ್ಮದು ಹಳೇ ಕಾಲದ್ದು’ ಅಂದರು. ಬಣ್ಣ ಬಿಟ್ಟರೆ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅವರು ಹೇಳಿದ್ದು ನಿಜವೇ? ನನ್ನ ಸೈಕಲ್‌ಗೇ 140 ಮಿ.ಮೀ. ಫೋರ್ಕ್ ಹಾಕಿಸಿದರೆ ಆಗುವುದಿಲ್ಲವೇ? — ಓದುಗರೊಬ್ಬರು, ಮೂಡಿಗೆರೆ

ಅವರು ಹೇಳಿದ್ದು ನಿಜ. ಮಾರುವವರ ಮಾತು ಅಂತ ತಳ್ಳಿಹಾಕಬೇಡಿ. ಈ ಹತ್ತು ವರ್ಷದಲ್ಲಿ ಮೌಂಟನ್ ಬೈಕಿನಲ್ಲಿ ಏನೇನೋ ಬದಲಾಗಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಈ ಜಾಮೆಟ್ರಿಯ, ಅಂದರೆ ಫ್ರೇಮಿನ ಕೋನ, ಅಳತೆಗಳ, ಕಣ್ಣಿಗೆ ಕಾಣದ ಬದಲಾವಣೆಯೇ. ಬೇಕಿದ್ದರೆ ನಿಮ್ಮ ಮನೆಯ ಜಗಲಿಯಲ್ಲೇ ಅಳೆದು ನೋಡಬಹುದು.

ಹೋದ ವಾರ ನಾನು ಅಂಗಡಿಯ ಕಾವಿ ನೆಲದ ಮೇಲೆ ಎರಡು ಸೈಕಲ್ ಪಕ್ಕಪಕ್ಕ ನಿಲ್ಲಿಸಿದೆ. ಒಂದು ನಿಮ್ಮದರ ಓರಗೆಯದು, ಇನ್ನೊಂದು ಈ ವರ್ಷದ್ದು. ಹ್ಯಾಂಡಲ್ ಕೆಳಗೆ ಫೋರ್ಕ್ ತೂರಿಕೊಂಡಿರುವ ದಪ್ಪ ಕೊಳವೆ ಇದೆಯಲ್ಲ, ಅದು ಹೆಡ್ ಟ್ಯೂಬ್. ಅದು ಎಷ್ಟು ವಾಲಿದೆಯೋ ಅಷ್ಟೇ ವಾಲಿಸಿ ಒಂದು ನೇರ ಕೋಲು ಹಿಡಿದೆ. ಕೋಲಿನ ತುದಿ ನೆಲ ಮುಟ್ಟಿದಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆದೆ. ಆಮೇಲೆ ಮುಂದಿನ ಚಕ್ರದ ಆಕ್ಸಲ್‌ನಿಂದ ಗಾರೆಯವರ ತೂಗುಗುಂಡು ಇಳಿಬಿಟ್ಟೆ. ಅದು ನಿಂತ ಜಾಗಕ್ಕೆ ಇನ್ನೊಂದು ಗೆರೆ. ಟಯರ್ ನೆಲ ಮುಟ್ಟುವುದು ಈ ಎರಡನೇ ಗೆರೆಯ ಮೇಲೆ. ಹಳೆಯ ಸೈಕಲ್‌ನಲ್ಲಿ ಎರಡು ಗೆರೆಗಳ ನಡುವೆ ಸುಮಾರು 9 ಸೆಂ.ಮೀ. ಬಂತು. ಹೊಸದರಲ್ಲಿ 12 ಸೆಂ.ಮೀ. ದಾಟಿತು.

ಈ ಅಂತರಕ್ಕೆ ಟ್ರೇಲ್ ಅಂತಾರೆ. ತಿರುಗುವ ಗೆರೆಗಿಂತ ಟಯರ್ ಎಷ್ಟು ಹಿಂದೆ ಇರುತ್ತದೋ ಚಕ್ರ ಅಷ್ಟು ಗಟ್ಟಿಯಾಗಿ ನೇರಕ್ಕೆ ಬರಲು ನೋಡುತ್ತದೆ. ಕಾಫಿ ತೋಟದ ಇಳಿಜಾರು ದಾರಿಯನ್ನು ನೆನಪು ಮಾಡಿಕೊಳ್ಳಿ. ಸಿಲ್ವರ್ ಓಕ್ ಎಲೆ ಮುಚ್ಚಿರುತ್ತದೆ, ಅಡಿಯಲ್ಲಿ ಮುಷ್ಟಿ ಗಾತ್ರದ ಕಲ್ಲು. ಮುಂದಿನ ಚಕ್ರ ಅದಕ್ಕೆ ಬಡಿದಾಗ ನಿಮ್ಮ ಸೈಕಲ್‌ನಲ್ಲಿ ಹ್ಯಾಂಡಲ್ ಚಟಕ್ಕನೆ ಪಕ್ಕಕ್ಕೆ ಎಳೆಯುತ್ತದೆ, ಅಲ್ವಾ? ಹೊಸ ಸೈಕಲ್‌ನಲ್ಲಿ ಅದೇ ಏಟು ಬರೀ ಒಂದು ಸಣ್ಣ ಅಲುಗಾಟ. ಆ ಹೆಚ್ಚುವರಿ 3 ಸೆಂ.ಮೀ. ನಿಮ್ಮ ಮಣಿಕಟ್ಟಿನ ಕೆಲಸವನ್ನು ತಾನು ಮಾಡುತ್ತದೆ.

ಇದಕ್ಕೆಲ್ಲ ಕಾರಣ ಹೆಡ್ ಆಂಗಲ್, ಅಂದರೆ ಹೆಡ್ ಟ್ಯೂಬ್ ನೆಲಕ್ಕೆ ಮಾಡುವ ಕೋನ. ಡಿಗ್ರಿ ಕಡಿಮೆಯಾದಷ್ಟೂ ಕೊಳವೆ ಹೆಚ್ಚು ವಾಲಿರುತ್ತದೆ. 1990ರ ದಶಕದ ರೇಸ್ ಸೈಕಲ್‌ಗಳಲ್ಲಿ ಅದು 71 ಡಿಗ್ರಿ ಇರುತ್ತಿತ್ತು, ರೋಡ್ ಬೈಕ್ ಹತ್ತಿರಹತ್ತಿರ. ನಿಮ್ಮದರಲ್ಲಿ 69 ಇರಬಹುದು. ಈಗ ಕಾಡುದಾರಿಗೆ ಅಂತ ಮಾಡಿದ ಟ್ರೇಲ್ ಬೈಕ್‌ಗಳಲ್ಲಿ (ಈ ಹೆಸರು ಬೇರೆ, ಮೇಲೆ ಹೇಳಿದ ಟ್ರೇಲ್ ಬೇರೆ) 65ರ ಆಸುಪಾಸು. ಇಷ್ಟೇ ಮಾಡಿ ಬಿಟ್ಟಿದ್ದರೆ ಏರಿನಲ್ಲಿ ಕಷ್ಟವಾಗುತ್ತಿತ್ತು. ಮುಂದಿನ ಚಕ್ರ ಮುಂದಕ್ಕೆ ಹೋದ ಹಾಗೆ ಅದರ ಮೇಲಿನ ಭಾರ ಕಡಿಮೆಯಾಗುತ್ತದೆ. ಅದಕ್ಕೇ ಸೀಟಿನ ಕೊಳವೆಯನ್ನು ನೆಟ್ಟಗೆ ಮಾಡಿದರು. 73 ಡಿಗ್ರಿ ಇದ್ದದ್ದು 76ಕ್ಕೆ ಬಂತು. ಈಗ ಸವಾರ ಪೆಡಲ್‌ನ ಮೇಲೆ ಕೂರುತ್ತಾನೆ, ಹಿಂದೆ ಅಲ್ಲ. ಫ್ರೇಮನ್ನು ಮುಂದಕ್ಕೆ ಉದ್ದ ಮಾಡಿದರು. ಹ್ಯಾಂಡಲ್ ಹಿಡಿಯುವ ಸ್ಟೆಮ್ ಮಾತ್ರ 90 ಮಿ.ಮೀ.ಯಿಂದ 45ಕ್ಕೋ 50ಕ್ಕೋ ಇಳಿಯಿತು. ಸ್ಪೇನ್‌ನ ಮಾಂಡ್ರೇಕರ್ ಕಂಪನಿ 2013ರ ಮಾಡೆಲ್‌ಗಳಲ್ಲಿ ಹೀಗೆ ಉದ್ದದ ಫ್ರೇಮ್‌ಗೆ ಪುಟ್ಟ ಸ್ಟೆಮ್ ಹಾಕಿದಾಗ ಅದು ವಿಚಿತ್ರ ಅನ್ನಿಸಿತ್ತು. ಇವತ್ತು ಸಾಧಾರಣ ಬೆಲೆಯ ಹಾರ್ಡ್‌ಟೇಲ್‌ಗಳೂ ಆ ದಾರಿಯಲ್ಲೇ ಇವೆ.

ಒಂದು ಸಣ್ಣ ಕೊರತೆ ಇದೆ, ಅದನ್ನೂ ಹೇಳಬೇಕು. ತುಂಬ ನಿಧಾನವಾಗಿ ಏರು ಹತ್ತುವಾಗ ಹೊಸ ಸೈಕಲ್‌ನ ಮುಂದಿನ ಚಕ್ರ ಆಚೆಈಚೆ ಓಲಾಡುತ್ತದೆ. ಒಂದು ವಾರ ಓಡಿಸಿದರೆ ಕೈ ಹೊಂದಿಕೊಳ್ಳುತ್ತದೆ. ನೀವು ಬರೀ ಡಾಂಬರು ರಸ್ತೆಯಲ್ಲಿ ಕವಿಕಲ್ ಗಂಡಿವರೆಗೆ ಹೋಗಿ ಬರುವವರಾದರೆ ಹಳೆಯ ಸೈಕಲ್ಲೇ ಚುರುಕು. ಬದಲಾಯಿಸುವ ಅಗತ್ಯವೇ ಇಲ್ಲ.

ಇನ್ನು 140 ಮಿ.ಮೀ. ಫೋರ್ಕ್. ದಯವಿಟ್ಟು ಬೇಡ. ಫೋರ್ಕ್ 20 ಮಿ.ಮೀ. ಉದ್ದವಾದರೆ ಹೆಡ್ ಆಂಗಲ್ ಹೆಚ್ಚುಕಡಿಮೆ 1 ಡಿಗ್ರಿ ಹಿಂದಕ್ಕೆ ವಾಲುತ್ತದೆ. 40 ಮಿ.ಮೀ.ಗೆ 2 ಡಿಗ್ರಿ. ಲೆಕ್ಕದಲ್ಲಿ ಚೆಂದ ಕಾಣುತ್ತದೆ. ಆದರೆ ಸೀಟೂ ಅದೇ 2 ಡಿಗ್ರಿ ಹಿಂದಕ್ಕೆ ವಾಲುತ್ತದೆ, ಪೆಡಲ್ ಮೇಲೇಳುತ್ತದೆ. ಅಂದರೆ ಹೊಸ ಜಾಮೆಟ್ರಿಯ ಅರ್ಧ ಬಂತು, ಇನ್ನರ್ಧ ಉಲ್ಟಾ ಆಯಿತು. ಅದಕ್ಕಿಂತ ಮುಖ್ಯ ಅಂದರೆ 100 ಮಿ.ಮೀ.ಗೆ ಅಂತ ಮಾಡಿದ ಹೆಡ್ ಟ್ಯೂಬಿನ ವೆಲ್ಡ್ ಮೇಲೆ ಉದ್ದನೆ ಸನಿಕೆ ಹಾಕಿ ಮೀಟಿದ ಹಾಗೆ ಬಲ ಬೀಳುತ್ತದೆ. ಅಲ್ಲಿಂದ ಪೆಡಲ್ ಕಡೆಗೆ ಇಳಿಯುವ ಡೌನ್ ಟ್ಯೂಬ್ ಸೇರುವ ಜಾಗದ ಕೆಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟ ಫ್ರೇಮ್‌ಗಳನ್ನು ನಾನು ನೋಡಿದ್ದೇನೆ. ಬರೀ ಬಣ್ಣ ಚಕ್ಕೆ ಎದ್ದಿದೆ ಅಂದುಕೊಂಡು ಆ ಸೈಕಲ್‌ನವರು ಓಡಿಸುತ್ತಲೇ ಇದ್ದರು. ಬೆರಳ ಉಗುರು ಹಾಯಿಸಿದರೆ ಸಿಕ್ಕಿಕೊಳ್ಳುತ್ತದೆ, ಹಾಗೆ ಪತ್ತೆಯಾಗುತ್ತದೆ. ನಿಮ್ಮದನ್ನೂ ಈ ಭಾನುವಾರ ಒರೆಸಿ ನೋಡಿ.

ಅದರ ಬದಲು 50 ಮಿ.ಮೀ. ಸ್ಟೆಮ್ ಮತ್ತು 740ರಿಂದ 760 ಮಿ.ಮೀ. ಅಗಲದ ಹ್ಯಾಂಡಲ್ ಹಾಕಿಸಿ. ಫ್ರೇಮಿನಲ್ಲಿ ಜಾಗ ಇದ್ದರೆ 2.3 ಅಥವಾ 2.35 ಇಂಚಿನ ಟಯರ್ ಹಾಕಿ, ಸಾಧ್ಯವಾದರೆ ಟ್ಯೂಬ್‌ಲೆಸ್ ಮಾಡಿಸಿ. ಗಾಳಿ ಕಡಿಮೆ ಇಟ್ಟು ಓಡಿಸಬಹುದು, ತೋಟದ ಮುಳ್ಳಿಗೂ ಹೆದರಬೇಕಿಲ್ಲ. ಕೊನೆಯದು ಡ್ರಾಪರ್, ಅಂದರೆ ಗುಂಡಿ ಒತ್ತಿದರೆ ಸೀಟನ್ನು ಕೆಳಗಿಳಿಸುವ ಪೋಸ್ಟ್. ಕೊಳ್ಳುವ ಮೊದಲು ಈಗಿನ ಸೀಟ್ ಪೋಸ್ಟ್ ಹೊರತೆಗೆದು ಅದರ ಮೇಲೆ ಕೊರೆದ ಅಂಕಿ ಓದಿ. 27.2, 30.9, 31.6 ಹೀಗೆ ಇರುತ್ತದೆ. ಡ್ರಾಪರ್ ಅದೇ ಅಳತೆಯದ್ದು ಆಗಬೇಕು. ಇಷ್ಟು ಮಾಡಿ ಒಂದು ಬೇಸಿಗೆ ಓಡಿಸಿ. ಆಮೇಲೂ ಹೊಸದು ಬೇಕು ಅನ್ನಿಸಿದರೆ ಅದು ನಿಜವಾದ ಅಗತ್ಯ. ಆಗ ಕೊಳ್ಳಿ.

ಪ್ರಶ್ನೆ: ನಾನು ನೋಡಿರುವ ಹೊಸ ಮಾಡೆಲ್‌ನಲ್ಲಿ ಒಂದೂ ಕೇಬಲ್ ಹೊರಗೆ ಕಾಣುವುದಿಲ್ಲ. ಎಲ್ಲ ಹ್ಯಾಂಡಲ್ ಕೆಳಗಿನ ಹೆಡ್‌ಸೆಟ್ ಒಳಗಿನಿಂದಲೇ ಫ್ರೇಮ್ ಒಳಗೆ ಹೋಗುತ್ತವೆ. ನೋಡಲು ತುಂಬ ಚೆನ್ನಾಗಿದೆ. ತೊಂದರೆ ಏನಾದರೂ ಇದೆಯೇ? — ಓದುಗರೊಬ್ಬರು, ಕನಕಪುರ ರಸ್ತೆ, ಬೆಂಗಳೂರು

ಇದೆ. ನಮ್ಮ ಮಲೆನಾಡಿನ ಮಳೆಗೆ ದೊಡ್ಡ ತೊಂದರೆಯೇ.

ಹೋದ ವರ್ಷ ಬಾಳೆಹೊನ್ನೂರು ಕಡೆಯ ತೋಟದವರೊಬ್ಬರು ಇಂಥದೇ ಸೈಕಲ್ ತಂದರು. ಕೊಂಡು ಹತ್ತು ತಿಂಗಳಾಗಿತ್ತು, ಒಂದು ಮಳೆಗಾಲ ಕಂಡಿತ್ತು. ಹ್ಯಾಂಡಲ್ ತಿರುಗಿಸಿದರೆ ಹಿಟ್ಟಿನ ಗಿರಣಿಯ ಹಾಗೆ ಕರಕರ ಅನ್ನುತ್ತಿತ್ತು. ಕೇಬಲ್ ಹೋಗುವ ಕಿಂಡಿಯಿಂದಲೇ ನೀರು ಇಳಿದು ಮೇಲಿನ ಬೇರಿಂಗ್ ತುಕ್ಕು ಹಿಡಿದಿತ್ತು. ಮಾಮೂಲಿ ಸೈಕಲ್‌ನಲ್ಲಿ ಆ ಬೇರಿಂಗ್ ಬದಲಾಯಿಸಲು 20 ನಿಮಿಷ ಸಾಕು. ಸ್ಟೆಮ್ ಬಿಚ್ಚು, ಹಳೆಯದನ್ನು ಬೆರಳಲ್ಲಿ ಎತ್ತು, ಗ್ರೀಸ್ ಸವರು, ಹೊಸದನ್ನು ಕೂರಿಸು. ಇಲ್ಲಿ ಬೇರಿಂಗಿನ ನಡುವಿನ ತೂತಿನಿಂದಲೇ ಹಿಂದಿನ ಬ್ರೇಕ್ ಹೋಸ್ ಹಾದುಹೋಗಿದೆ. ಬಳೆಯೊಳಗೆ ಕೈ ಇದ್ದ ಹಾಗೆ. ಕೈ ಹೊರಗೆ ಬರದೆ ಬಳೆ ಬರುವುದಿಲ್ಲ. ಬ್ರೇಕ್ ಲಿವರ್ ಹತ್ತಿರ ಹೋಸ್ ಬಿಚ್ಚಿದೆ. ಎಣ್ಣೆ ಚೆಲ್ಲಿತು. ಹೋಸ್ ತುದಿ ಕತ್ತರಿಸಿ ಹೊಸ ಹಿತ್ತಾಳೆ ಉಂಗುರ ಹಾಕಿದೆ. ಮತ್ತೆ ಎಣ್ಣೆ ತುಂಬಿ ಗಾಳಿ ತೆಗೆದೆ. ಬೆಳಿಗ್ಗೆ ಹತ್ತಕ್ಕೆ ಕೂತವನು ಎದ್ದದ್ದು ಎರಡು ಗಂಟೆಗೆ. ಅವರಿಂದ ಅಷ್ಟು ಕೂಲಿ ತಗೊಳ್ಳಲು ನನಗೆ ಮನಸ್ಸು ಬರಲಿಲ್ಲ. ಆದರೂ ಬೇರಿಂಗ್ ಬೆಲೆಗಿಂತ ಕೂಲಿಯೇ ಜಾಸ್ತಿ ಆಯಿತು. ಅವರ ಮುಖ ನೋಡಿ ಬೇಜಾರಾಯಿತು. ಅವರದೇನು ತಪ್ಪು?

ಕೇಬಲ್ ಫ್ರೇಮ್ ಒಳಗೆ ಹೋಗುವುದು ತಪ್ಪಲ್ಲ. ಹೆಡ್ ಟ್ಯೂಬಿನ ಪಕ್ಕ ಒಂದು ತೂತು, ಅದಕ್ಕೊಂದು ರಬ್ಬರ್ ಬಿರಡೆ, ಅಲ್ಲಿಂದ ಒಳಗೆ ಹೋದರೆ ಯಾರಿಗೂ ಕಷ್ಟವಿಲ್ಲ. ಹೆಡ್‌ಸೆಟ್ ಮೂಲಕ ಹೋಗುವುದರಿಂದ ಸವಾರನಿಗೆ ದಾರಿಯ ಮೇಲೆ ಏನೂ ಸಿಗುವುದಿಲ್ಲ. ಕೊಳ್ಳಲೇಬೇಕು ಅಂತಿದ್ದರೆ ಮೊದಲ ದಿನವೇ ಬೇರಿಂಗ್ ಸುತ್ತ ಜಲನಿರೋಧಕ ಗ್ರೀಸ್ ದಪ್ಪಗೆ ತುಂಬಿಸಿ. ಸೈಕಲ್ ತೊಳೆಯುವಾಗ ಅಲ್ಲಿಗೆ ಪ್ರೆಶರ್ ವಾಷರ್ ಹಿಡಿಯಲೇಬೇಡಿ. ಪಕ್ಕದ ತೂತಿನ ಇನ್ನೊಂದು ಮಾಡೆಲ್ ಅದೇ ಬೆಲೆಗೆ ಸಿಕ್ಕರೆ ನಾನು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ ಅನ್ನುತ್ತೇನೆ.

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ಈಗ ಎಲ್ಲರೂ 29 ಇಂಚಿನ ಚಕ್ರ ಅಂತಾರೆ. ನನಗೆ ತೋರಿಸಿದ ಸಣ್ಣ ಸೈಜಿನ ಫ್ರೇಮ್‌ಗೆ 27.5 ಚಕ್ರ ಇದೆ. ಹೆಂಗಸರಿಗೆ ಅಂತ ಹಳೇ ಸ್ಟಾಕ್ ಕೊಡುತ್ತಿದ್ದಾರಾ? — ಓದುಗರೊಬ್ಬರು, ಶಿರಸಿ

ಇಲ್ಲ ಅಮ್ಮ, ಅದು ಬೇಕೆಂದೇ ಮಾಡಿದ್ದು. ಟ್ರೆಕ್‌ನಂಥ ಕಂಪನಿಗಳು ಒಂದೇ ಮಾಡೆಲ್‌ನ ಸಣ್ಣ ಸೈಜುಗಳಿಗೆ 27.5, ದೊಡ್ಡವಕ್ಕೆ 29 ಹಾಕುತ್ತವೆ. 29ರ ರಿಮ್ ಟಯರ್ ಕೂರುವಲ್ಲಿ 622 ಮಿ.ಮೀ. ವ್ಯಾಸ, 27.5ರದ್ದು 584. ದೊಡ್ಡ ಚಕ್ರ ಕಲ್ಲು ಬೇರುಗಳ ಮೇಲೆ ಸಲೀಸಾಗಿ ಉರುಳುತ್ತದೆ, ನಿಜ. ಆದರೆ ಇಳಿಜಾರಿನಲ್ಲಿ ನೀವು ಸೀಟಿನ ಹಿಂದಕ್ಕೆ ಸರಿದಾಗ 29ರ ಹಿಂದಿನ ಟಯರ್ ನಿಮಗೇ ತಾಗಬಹುದು. ಎತ್ತರದ ರೇಸ್ ಸವಾರರಲ್ಲೂ ಎಷ್ಟೋ ಜನ ಇದೇ ಕಾರಣಕ್ಕೆ ಮುಂದೆ 29, ಹಿಂದೆ 27.5 ಹಾಕುತ್ತಾರೆ. ಡೌನ್‌ಹಿಲ್ ರೇಸಿನಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ 2019ರಿಂದ ಅದಕ್ಕೆ ಒಪ್ಪಿಗೆ ಕೊಟ್ಟಿದೆ.

ನೀವು ಗಮನ ಕೊಡಬೇಕಾದದ್ದು ಬೇರೆ ಇದೆ. ಫ್ರೇಮಿನ ಮೇಲಿನ ಕೊಳವೆಯ ಆಚೆಈಚೆ ಎರಡೂ ಕಾಲು ನೆಲಕ್ಕೆ ಊರಿ ನಿಂತಾಗ ಕೊಳವೆಗೂ ನಿಮಗೂ ನಡುವೆ ಎರಡು ಇಂಚಾದರೂ ಜಾಗ ಉಳಿಯಬೇಕು. ಪೆಡಲ್ ಸಿಕ್ಕಿಸಿದ ತೋಳಿಗೆ ಕ್ರ್ಯಾಂಕ್ ಅಂತಾರೆ. ಅದರ ಒಳಮೈ ನೋಡಿ, ಉದ್ದ ಮಿ.ಮೀ.ಯಲ್ಲಿ ಬರೆದಿರುತ್ತದೆ. 175 ಇದ್ದರೆ ನಿಮಗೆ ಉದ್ದವಾಯಿತು. 165 ಇದ್ದರೆ ಮಂಡಿಗೆ ಹಿತ, ಕಲ್ಲಿಗೆ ಪೆಡಲ್ ಬಡಿಯುವುದೂ ಕಡಿಮೆ. ಬ್ರೇಕ್ ಲಿವರ್ ದೂರ ಇದ್ದರೆ ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಅಂಗಡಿಯಲ್ಲೇ, ನಿಮ್ಮ ಕೈ ಇಟ್ಟು, ತೋರುಬೆರಳ ಮೊದಲ ಗೆಣ್ಣಿಗೆ ಲಿವರ್ ಸಿಗುವ ಹಾಗೆ ಸರಿ ಮಾಡಿಸಿಕೊಳ್ಳಿ. ನಾಚಿಕೆ ಬೇಡ. ಕೇಳದಿದ್ದರೆ ಯಾರೂ ಮಾಡಿಕೊಡುವುದಿಲ್ಲ.

ಪ್ರಶ್ನೆ: ನಾವು ಮೈಸೂರಿನವರು, ಸದ್ಯ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಎರಡು ವರ್ಷದಲ್ಲಿ ಊರಿಗೆ ವಾಪಸ್. ಸ್ಪೆಷಲೈಸ್ಡ್ ಸ್ಟಂಪ್‌ಜಂಪರ್‌ನ 2025ರ ಹೊಸ ಮಾಡೆಲ್ ಕೊಂಡು ಜೊತೆಗೇ ತರಬೇಕು ಅಂತಿದ್ದೇನೆ. ಕಾರ್ಬನ್ ಒಳ್ಳೆಯದೇ, ಅಲ್ಯೂಮಿನಿಯಮ್ಮೇ? — ಓದುಗರೊಬ್ಬರು

ನೀವು ಕೇಳಿರುವ ಸೈಕಲ್‌ಗೆ ದೊಡ್ಡ ಮನೆತನ ಇದೆ. 1981ರಲ್ಲಿ ಬಂದ ಮೊದಲ ಸ್ಟಂಪ್‌ಜಂಪರ್ ಜಪಾನಿನಲ್ಲಿ ತಯಾರಾದ ಉಕ್ಕಿನ ಸೈಕಲ್. 26 ಇಂಚಿನ ಚಕ್ರ, 15 ಗೇರು, ಸಸ್ಪೆನ್ಷನ್ ಇಲ್ಲವೇ ಇಲ್ಲ. ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗಿ ಮಾಮೂಲಿ ಜನರ ಕೈಗೆ ಬಂದ ಮೊದಲ ಮೌಂಟನ್ ಬೈಕ್‌ಗಳಲ್ಲಿ ಅದೂ ಒಂದು. ನೀವು ನೋಡಿರುವುದು ಹದಿನೈದನೇ ತಲೆಮಾರು. ಹಿಂದೆ 145 ಮಿ.ಮೀ. ಸಸ್ಪೆನ್ಷನ್. ಅದರ ಜೀನಿ ಅನ್ನುವ ಶಾಕ್‌ನಲ್ಲಿ ನನಗೆ ಇಷ್ಟವಾದ ಒಂದು ಉಪಾಯ ಇದೆ. ಗಾಳಿಯ ಕೋಣೆ ಎರಡು. ಶಾಕ್ ಕುಗ್ಗುವ ದೂರದಲ್ಲಿ ಮೊದಲ 70 ಶೇಕಡಾಕ್ಕೆ ಎರಡೂ ತೆರೆದಿರುತ್ತವೆ, ಆದ್ದರಿಂದ ಮೆತ್ತಗೆ. ಕೊನೆಯ 30ಕ್ಕೆ ಹೊರಗಿನ ಕೋಣೆ ಮುಚ್ಚಿಕೊಳ್ಳುತ್ತದೆ. ಇದ್ದ ಜಾಗ ಚಿಕ್ಕದಾಗಿ ಗಾಳಿ ಗಟ್ಟಿಯಾಗುತ್ತದೆ, ಸೈಕಲ್ ಧಡ್ ಅಂತ ತಳ ಮುಟ್ಟುವುದಿಲ್ಲ. ಇಂಥದ್ದನ್ನು ನಾನು ನಿಜವಾದ ಬದಲಾವಣೆ ಅಂತೀನಿ. ಓಡಿಸುವವನ ಬೆನ್ನಿಗೆ ಗೊತ್ತಾಗುತ್ತದೆ.

ಆದರೆ ಅದರ ಕಾರ್ಬನ್ ಫ್ರೇಮಿನಲ್ಲಿ ಗೇರ್ ಕೇಬಲ್‌ಗೆ ದಾರಿಯೇ ಇಟ್ಟಿಲ್ಲ. ವೈರ್‌ಲೆಸ್ ಗೇರೇ ಆಗಬೇಕು. ಅಲ್ಯೂಮಿನಿಯಂ ಫ್ರೇಮಿಗೆ ಕೇಬಲ್ ಹಾಕಬಹುದು. ಊರಿಗೆ ಬರುವವರಾದರೆ ಅಲ್ಯೂಮಿನಿಯಮ್ಮೇ ತನ್ನಿ. ವೈರ್‌ಲೆಸ್ ಗೇರ್ ಕೆಟ್ಟದ್ದಲ್ಲ, ತುಂಬ ನಿಖರ. ಆದರೆ ಬಿಸಿಲೆ ಘಾಟಿಯ ಕಡೆ ಕಲ್ಲಿಗೆ ಬಡಿದು ಡಿರೇಲರ್, ಅಂದರೆ ಗೇರ್ ಬದಲಿಸಲು ಚೈನ್ ಸರಿಸುವ ಭಾಗ, ಮುರಿಯಿತು ಅಂದುಕೊಳ್ಳಿ. ಕೇಬಲ್ ಇದ್ದರೆ ಹಾಸನದಲ್ಲೋ ಮೈಸೂರಿನಲ್ಲೋ ಸಿಕ್ಕಿದ್ದನ್ನು ಹಾಕಿ ಮನೆ ಸೇರಬಹುದು. ಕೇಬಲ್ ದಾರಿಯೇ ಇಲ್ಲದ ಫ್ರೇಮ್‌ಗೆ ನಾನು ಏನು ಹಾಕಲಿ?

ಬರುವಾಗ ಶಾಕ್‌ನ ಸೀಲ್ ಕಿಟ್, ಎರಡು ಯುಡಿಎಚ್ (ಯೂನಿವರ್ಸಲ್ ಡಿರೇಲರ್ ಹ್ಯಾಂಗರ್) ತನ್ನಿ. ಡಿರೇಲರ್ ತೂಗುವ ಆ ಸಣ್ಣ ತುಂಡು ಮೊದಲೆಲ್ಲ ಮಾಡೆಲ್‌ಗೊಂದು ಇರುತ್ತಿತ್ತು. ಒಂದು ಬಾಗಿದರೆ ವಾರಗಟ್ಟಲೆ ಕಾಯಬೇಕಿತ್ತು. ಸ್ರ್ಯಾಮ್ ಕಂಪನಿ 2019ರಲ್ಲಿ ಎಲ್ಲರಿಗೂ ಹೊಂದುವ ಒಂದೇ ತುಂಡು ತಂದಿತು, ಬೇರೆಬೇರೆ ಕಂಪನಿಗಳೂ ಒಪ್ಪಿಕೊಂಡವು. ನಮ್ಮಂಥ ರಿಪೇರಿಯವರಿಗೆ ಅದರಷ್ಟು ಉಪಕಾರ ಮಾಡಿದ ಬದಲಾವಣೆ ಇನ್ನೊಂದಿಲ್ಲ.

ಇನ್ನೊಂದು ಮಾತು. ವಾಪಸ್ ಬರುವ ಮೊದಲು ಒಂದು ದಿನ ಸ್ಯಾನ್ ಫ್ರಾನ್ಸಿಸ್ಕೊ ದಾಟಿ ಫೇರ್‌ಫ್ಯಾಕ್ಸ್‌ಗೆ ಹೋಗಿ ಬನ್ನಿ. ಅಲ್ಲಿ ಸೈಕಲ್ ಮ್ಯೂಸಿಯಂ ಇದೆ. 1976ರಲ್ಲಿ ಅಲ್ಲಿನ ಹುಡುಗರು 1930, 40ರ ದಶಕದ ದಪ್ಪ ಟಯರಿನ ಸೈಕಲ್ ಹಿಡಿದು ಗುಡ್ಡದಿಂದ ಇಳಿಯುವ ರೇಸ್ ಶುರು ಮಾಡಿದರು. ಹಿಂದಕ್ಕೆ ಪೆಡಲ್ ಒತ್ತಿದರೆ ಹಿಡಿಯುವ ಬ್ರೇಕು. ಒಂದು ಸಲ ಇಳಿದರೆ ಹಬ್‌ನ ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕು. ಅದಕ್ಕೇ ಆ ದಾರಿಗೆ ರೀಪ್ಯಾಕ್ ಅನ್ನುವ ಹೆಸರು. ನಾನು ಹುಡುಗನಾಗಿದ್ದಾಗ ಅಪ್ಪನ ಬಾಡಿಗೆ ಸೈಕಲ್ ಅಂಗಡಿಯಲ್ಲಿ ದಿನಾ ಹಬ್‌ಗೆ ಗ್ರೀಸ್ ತುಂಬುತ್ತಿದ್ದೆ. ಆ ಹೆಸರಿನ ಅರ್ಥ ತಿಳಿದ ದಿನ ಆ ಹುಡುಗರು ನನ್ನ ಕಡೆಯವರೇ ಅನ್ನಿಸಿತು. ಒಂದೆರಡು ಫೋಟೊ ಕಳಿಸಿ.

ಪ್ರಶ್ನೆ: ಎರಡು ವರ್ಷ ಹಳೆಯ ಮಾಡೆಲ್ ಡಬ್ಬದಲ್ಲೇ ಇದೆ, ರಿಯಾಯಿತಿ ಕೊಡುತ್ತಾರೆ. ತಗೊಳ್ಳಬಹುದೇ? — ಓದುಗರೊಬ್ಬರು, ಧಾರವಾಡ

ಖಂಡಿತ. ಮಾಡೆಲ್ ವರ್ಷ ಅನ್ನುವುದು ಕ್ಯಾಲೆಂಡರ್ ವರ್ಷ ಅಲ್ಲ. 2025ರದ್ದು ಅನ್ನುವ ಸೈಕಲ್ 2024ರ ನಡುವಿನಲ್ಲೇ ಬಂದಿರುತ್ತದೆ. ಎಷ್ಟೋ ಸಲ ಬಣ್ಣ ಬಿಟ್ಟು ಬೇರೇನೂ ಬದಲಾಗಿರುವುದಿಲ್ಲ. ಈಗ ಕೆಲವು ಕಂಪನಿಗಳು ವರ್ಷದ ಬದಲು ಜೆನ್ 2, ಜೆನ್ 3 ಅಂತ ಬರೆಯುತ್ತವೆ. ಅದು ಬದಲಾಗಿದ್ದರೆ ಫ್ರೇಮೇ ಬದಲಾಗಿದೆ ಅಂತ ಅರ್ಥ.

ಸ್ಕೇಲ್ ಹಿಡಿದು ಹಿಂದಿನ ಹಬ್ ಕೂರುವ ಅಂತರ ಅಳೆಯಿರಿ. ಥ್ರೂ ಆಕ್ಸಲ್ (ಹಬ್‌ನಲ್ಲಿ ತೂರಿ ಫ್ರೇಮಿಗೆ ತಿರುಗಿಸಿ ಬಿಗಿಯುವ ದಪ್ಪ ಕಡ್ಡಿ) ಇದ್ದು 148 ಮಿ.ಮೀ. ಬಂದರೆ ನಿಶ್ಚಿಂತೆ. ಚಕ್ರ, ಹಬ್ ಮುಂದೆಯೂ ಸುಲಭವಾಗಿ ಸಿಗುತ್ತವೆ. 135 ಮಿ.ಮೀ. ಬಂದು ಹಿಡಿ ಮಡಚಿ ಬಿಗಿಯುವ ತೆಳು ಕಡ್ಡಿಯ ಕ್ವಿಕ್ ರಿಲೀಸ್ ಇದ್ದರೆ ಅದು ಹಳೆಯ ಬಗೆ, ಬೆಲೆ ಇನ್ನಷ್ಟು ಇಳಿಸಲು ಕೇಳಿ. ಫೋರ್ಕ್ ಎರಡು ವರ್ಷ ಅಲುಗಾಡದೆ ನಿಂತಿದೆ, ಅದರ ಸೀಲ್ ಒಣಗಿರುತ್ತದೆ. ಕೆಳಗಿನ ಕಾಲು ಬಿಚ್ಚಿ ಹೊಸ ಎಣ್ಣೆ ಹಾಕಿಕೊಟ್ಟರೆ ಮಾತ್ರ ಹಣ ಕೊಡಿ.

ಪ್ರಶ್ನೆ: ಪೆಡಲ್ ತುಳಿದರೆ ಕಟಕ್ ಕಟಕ್ ಶಬ್ದ. ಬಾಟಮ್ ಬ್ರ್ಯಾಕೆಟ್ (ಬಿಬಿ), ಅಂದರೆ ಎರಡು ಪೆಡಲ್‌ಗಳ ನಡುವೆ ಫ್ರೇಮಿನಲ್ಲಿರುವ ಬೇರಿಂಗ್, ಹೋಗಿದೆ ಅಂತಾರೆ. ಹೊಸ ಮಾಡೆಲ್‌ಗಳಲ್ಲಿ ಇದು ಬರುವುದಿಲ್ಲವಂತೆ, ಹೌದಾ? — ಓದುಗರೊಬ್ಬರು, ಹಾಸನ

ಅರ್ಧ ಹೌದು. ನಡುವೆ ಕೆಲವು ವರ್ಷ ತುಂಬ ಕಂಪನಿಗಳು ಬೇರಿಂಗನ್ನು ಫ್ರೇಮಿಗೆ ಒತ್ತಿ ಕೂರಿಸುವ ಪ್ರೆಸ್ ಫಿಟ್‌ಗೆ ಹೋಗಿದ್ದವು. ಅಳತೆ ಕೂದಲಷ್ಟು ತಪ್ಪಿದರೂ ಶಬ್ದ. ಈಗ ಬಹಳಷ್ಟು ಜನ ಹಳೆಯ ಮರೆ ಇರುವ, ಅಂದರೆ ತಿರುಪಿನ ಹಾಗೆ ತಿರುಗಿಸಿ ಬಿಗಿಯುವ ಬಗೆಗೇ ವಾಪಸ್ ಬಂದಿದ್ದಾರೆ, ನನಗೆ ತುಂಬ ಸಂತೋಷ.

ಆದರೆ ಸುಮ್ನೆ ಬಿಬಿ ಬದಲಾಯಿಸಬೇಡಿ. ಮೊದಲು ಸೀಟಿನಿಂದ ಎದ್ದು ನಿಂತು ತುಳಿಯಿರಿ. ಶಬ್ದ ನಿಂತರೆ ಸೀಟ್ ಪೋಸ್ಟ್‌ನದ್ದು. ಹೊರತೆಗೆದು ಒರೆಸಿ, ಫ್ರೇಮ್ ಅಲ್ಯೂಮಿನಿಯಂ ಆದರೆ ತೆಳ್ಳಗೆ ಗ್ರೀಸ್ ಸವರಿ ಹಾಕಿ. ನಿಲ್ಲದಿದ್ದರೆ ಪೆಡಲ್ ಎರಡೂ ಬಿಚ್ಚಿ ಮರೆಗೆ ಗ್ರೀಸ್ ಹಾಕಿ. ಎಡಗಡೆ ಪೆಡಲ್ ಉಲ್ಟಾ ಮರೆ, ನೆನಪಿರಲಿ. ಆಮೇಲೂ ಶಬ್ದ ಇದ್ದರೆ ಬಿಬಿಗೆ ಬನ್ನಿ. ನಿಮ್ಮದು ಮರೆಯದ್ದೇ ಆಗಿದ್ದರೆ ಬಿಚ್ಚಿ, ಫ್ರೇಮಿನ ಮರೆಯಲ್ಲಿ ಕೂತ ಮಣ್ಣನ್ನು ಹಳೇ ಟೂತ್‌ಬ್ರಷ್‌ನಿಂದ ತೆಗೆದು, ಗ್ರೀಸ್ ಹಾಕಿ ಮತ್ತೆ ಬಿಗಿಯಿರಿ. ಇಲ್ಲಿ ಉಲ್ಟಾ ಮರೆ ಇರುವುದು ಚೈನ್ ಇರುವ ಬಲಗಡೆ. ಶಿಮಾನೊ ಆದರೆ 35ರಿಂದ 50 ನ್ಯೂಟನ್ ಮೀಟರ್ ಬಿಗಿ. ಟಾರ್ಕ್ ಸ್ಪ್ಯಾನರ್ ಇಲ್ಲದಿದ್ದರೆ ಇರುವವರ ಹತ್ತಿರ ತೆಗೆದುಕೊಂಡು ಹೋಗಿ, ಅಂದಾಜಿನಲ್ಲಿ ಬಿಗಿಯಬೇಡಿ.